ಕರಿಗುಂಡಿನ ಹಾಡು

ನಮ್ಮೂರಿನ ಸೇತುವೆ ನಿಂತಿರುವುದು ಭಾಷಣಗಳ ಮೇಲೆ. ತಮಾಷೆಗೆ ಹೇಳುತ್ತಿಲ್ಲ. ಹಿಂದೆ ಒಬ್ಬ ಮುಖಂಡರು ತಮ್ಮ ಭಾಷಣದ ಕ್ಯಾಸೆಟ್ಟುಗಳನ್ನು ಮನೆಮನೆಗೂ ಹಂಚಿದ್ದರು. ಯಾರೂ ಕೇಳಲಿಲ್ಲ. ಕೇಳದೆ ಬಿಟ್ಟದ್ದು ನಮ್ಮೂರಿನಲ್ಲಿ ಭಾರವಾಗುತ್ತದೆ. ವರ್ಷ ಕಳೆದಂತೆ ಒಂದೊಂದು ಕ್ಯಾಸೆಟ್ಟೂ ಚಪ್ಪಡಿ ಕಲ್ಲಿನಷ್ಟು ತೂಕವಾಯಿತು. ಹೊಳೆಗೆ ಸೇತುವೆ ಕಟ್ಟುವಾಗ ಜನ ಅವನ್ನೆಲ್ಲ ಗಾಡಿಯಲ್ಲಿ ಹೇರಿಕೊಂಡು ಬಂದು ಕಂಬಗಳ ಬುಡಕ್ಕೆ ಸುರಿದರು. ಎಂಥ ಪ್ರವಾಹ ಬಂದರೂ ಸೇತುವೆ ಇದುವರೆಗೆ ಅಲುಗಿಲ್ಲ. ಆ ಮುಖಂಡರಿಂದ ಊರಿಗಾದ ಉಪಕಾರ ಅದೊಂದೇ.

ಇಂಥ ಊರಿನಲ್ಲಿ ಬದುಕುವುದು ಕಷ್ಟವೇನಲ್ಲ, ಅಭ್ಯಾಸವಾಗಬೇಕು ಅಷ್ಟೆ. ಹಾಡಿನ ಅಂಗಡಿಯವರು ಹೊಸ ಮಾಲು ಬಂದ ದಿನವೇ ಬೀದಿಗೆಲ್ಲ ಕೇಳುವ ಹಾಗೆ ಅದನ್ನು ಒಮ್ಮೆ ಹಾಕಿಬಿಡುತ್ತಾರೆ. ಅದಕ್ಕೆ ಬೋಣಿ ಹಾಡು ಎನ್ನುತ್ತೇವೆ. ಎಷ್ಟೇ ಅವಸರವಿದ್ದರೂ ದಾರಿಹೋಕರು ನಿಂತು ಕೇಳಿ ಮುಂದೆ ಹೋಗುತ್ತಾರೆ. ಸುಮ್ಮನೆ ಕಿವಿಗೆ ಬಿದ್ದರೆ ಸಾಲದು, ಮನಸ್ಸಿಟ್ಟು ಕೇಳಬೇಕು. ಎಷ್ಟು ಜನ ಕೇಳಿದರೆ ಅಷ್ಟು ಹಗುರ. ನನ್ನ ಮದುವೆಯ ಓಲಗದ ಕ್ಯಾಸೆಟ್ಟನ್ನು ನಾನೂ ನನ್ನ ಗಂಡನೂ ಇವತ್ತಿಗೂ ಕೇಳಿಲ್ಲ. ಗಾಳಿಗೆ ಬಾಗಿಲು ಬಡಿದುಕೊಳ್ಳದ ಹಾಗೆ ಅಡ್ಡ ಇಡಲು ಅದಕ್ಕಿಂತ ಒಳ್ಳೆಯ ವಸ್ತು ನಮಗೆ ಸಿಕ್ಕಿಲ್ಲ.

ನನ್ನ ಕಸುಬು ಮೈಕ್‌ಸೆಟ್ಟು. ಅಪ್ಪ ಬಿಟ್ಟುಹೋದ ಆಂಪ್ಲಿಫೈಯರು, ಕೆಲವು ಹಾರ್ನುಗಳು, ಒಂದು ರೆಕಾರ್ಡ್ ಪ್ಲೇಯರು, ಇಷ್ಟೇ ನನ್ನ ಆಸ್ತಿ. ಊರಿನವರು ನನ್ನನ್ನು ಮೈಕ್ ವಿಮಲಾಕ್ಷಿ ಎಂದು ಕರೆಯುತ್ತಾರೆ. ಬೆನ್ನ ಹಿಂದೆ ‘ಮೈಕೇ ಬೇಡ, ವಿಮಲಾಕ್ಷಿ ಸಾಕು’ ಎಂದೂ ಅನ್ನುತ್ತಾರೆ. ನನ್ನ ದನಿ ಜೋರು, ಸಿಟ್ಟು ಅದಕ್ಕಿಂತ ಜೋರು. ಅದನ್ನು ಮುಚ್ಚಿಡುವ ಅಗತ್ಯ ನನಗೆ ಕಂಡಿಲ್ಲ.

ಪ್ರತಿ ಬೇಸಿಗೆಯ ಕೊನೆಗೆ ನಮ್ಮ ಗರಡಿಮನೆಯಲ್ಲಿ ಗುಂಡು ಎತ್ತುವ ಪಂದ್ಯ ನಡೆಯುತ್ತದೆ. ಬೇರೆ ಊರುಗಳ ಗರಡಿಯಲ್ಲಿ ಕಲ್ಲಿನ ಗುಂಡು ಇರುತ್ತದೆ. ನಮ್ಮದು ಚಪ್ಪಟೆ. ರೊಟ್ಟಿ ಹೆಂಚಿನಷ್ಟು ಅಗಲದ ಅದನ್ನು ಗೋಣಿತಾಟಿನಲ್ಲಿ ಹೊಲಿದು, ಕೆಮ್ಮಣ್ಣು ಮೆತ್ತಿ, ಕುಂಕುಮ ಹಚ್ಚಿ ಮಟ್ಟಿಯ ಅಂಚಿನಲ್ಲಿ ಇಟ್ಟಿದ್ದರು. ಮಟ್ಟಿ ಎಂದರೆ ಕುಸ್ತಿಯಾಡುವ ಕೆಂಪು ಮಣ್ಣಿನ ಅಂಕಣ. ಗುಂಡಿನ ಹೆಸರು ಕರಿಗುಂಡು. ಅದನ್ನು ಎದೆಮಟ್ಟಕ್ಕೆ ಎತ್ತಿದವರು ಉಸ್ತಾದ್ ಜವರಪ್ಪನವರೊಬ್ಬರೇ, ಅದೂ ಅವರ ಮೀಸೆ ಕಪ್ಪಗಿದ್ದ ಕಾಲದಲ್ಲಿ. ಆಮೇಲೆ ಯಾರಿಂದಲೂ ಆಗಲಿಲ್ಲ. ಪಂದ್ಯ ಎಂದರೆ ಹುಡುಗರು ಒಬ್ಬೊಬ್ಬರಾಗಿ ಬಂದು, ಗುಂಡಿಗೆ ಕೈಮುಗಿದು, ಮುಖ ಕೆಂಪಗೆ ಮಾಡಿಕೊಂಡು ಸೋಲುವುದು. ಕೊನೆಗೆ ಎಲ್ಲರೂ ಸೇರಿ ಉಸ್ತಾದರಿಗೆ ಹಾರ ಹಾಕುವುದು.

ಹೆಂಗಸರು ಮಟ್ಟಿ ತುಳಿಯುವ ಹಾಗಿಲ್ಲ. ನಾನು ಹೊಸ್ತಿಲ ಮೇಲೆ ಕೂತು ಮೈಕಿನ ವೈರು ನೋಡಿಕೊಳ್ಳುತ್ತೇನೆ. ಹೀಗೇ ಒಂದು ವರ್ಷ ಒಬ್ಬ ದಾಂಡಿಗ ಪೈಲ್ವಾನ ಎಳೆದ ರಭಸಕ್ಕೆ ಗೋಣಿತಾಟು ಹರಿಯಿತು, ಗುಂಡು ಮಾತ್ರ ಅಲುಗಲಿಲ್ಲ. ಹೆಂಚಿನ ಸಂದಿಯಿಂದ ಬಿದ್ದ ಬಿಸಿಲು ಸರಿಯಾಗಿ ಹರಿದ ಜಾಗಕ್ಕೇ ಹೊಡೆಯಿತು. ಒಳಗೆ ಏನೋ ಕಪ್ಪಗೆ ಮಿನುಗಿತು. ಹೊಸ್ತಿಲಿನಿಂದಲೇ ಕತ್ತು ಚಾಚಿ ನೋಡಿದೆ. ಕೂದಲೆಳೆಯಂಥ ಗೆರೆಗಳು, ಒಂದರ ಪಕ್ಕ ಒಂದು, ದುಂಡಗೆ ಸುತ್ತಿಕೊಂಡು ಹೋಗಿದ್ದವು. ನಾನು ಹುಟ್ಟಿ ಬೆಳೆದದ್ದೇ ಅಂಥ ಗೆರೆಗಳ ನಡುವೆ. ಊರೆಲ್ಲ ಕೈಮುಗಿಯುತ್ತಿದ್ದ ಕರಿಗುಂಡು ಒಂದು ಗ್ರಾಮಫೋನ್ ರೆಕಾರ್ಡು.

ಪಂದ್ಯ ಮುಗಿದು ಹಾರ ಬಿದ್ದ ಮೇಲೆ ಉಸ್ತಾದರನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವರು ಏನನ್ನೂ ಮುಚ್ಚಿಡಲಿಲ್ಲ. “ಹೂಂ, ಸಿಂಗ್ರಿ ಶೆಟ್ಟರ ಹಾಡಿನ ಅಂಗಡೀದು. ಅವರ ಅಟ್ಟ ಜಗ್ಗೋಕೆ ಶುರುವಾಯ್ತು ಅಂತ ನಮ್ಮನ್ನ ಕರೆಸಿದ್ರು. ಆರು ಜನ ಹೊತ್ಕೊಂಡು ಬಂದ್ವಿ. ಇಷ್ಟು ಭಾರ ಇರೋದನ್ನ ಎಸೆಯೋದ್ಯಾಕೆ ಅಂತ ಗರಡೀಲಿ ಮಡಿಕ್ಕೊಂಡ್ವಿ.”

“ಯಾವ ಹಾಡು ಅಂತ ಕೇಳ್ಲಿಲ್ವಾ?”

“ನಮಗ್ಯಾಕವ್ವ ಅದು. ಏನೋ ತೆಂಕಣ ಬಾಗಿಲು ಅಂತ ಬರೆದಿತ್ತಂತೆ. ಯಮನ ದಿಕ್ಕಿನ ಬಾಗಿಲನ್ನ ಬೋಣಿಗೆ ಹಾಕಿದ್ರೆ ಅಂಗಡಿ ಉದ್ಧಾರ ಆಯ್ತದಾ ಅಂತ ಶೆಟ್ಟರು ಅಟ್ಟಕ್ಕೆ ಎಸೆದಿದ್ರು.”

‘ತೆಂಕಣ ಬಾಗಿಲು’ ಎಂಬ ರೆಕಾರ್ಡಿನ ಹೆಸರು ನಮ್ಮೂರಿನಲ್ಲಿ ಹಾಡಿನ ನಂಟಿದ್ದ ಹಳಬರಿಗೆಲ್ಲ ಗೊತ್ತು. ಹೊಳೆಯ ತೆಂಕಣ ದಡದಲ್ಲಿ ಹಿಂದೆ ಒಂದು ಹತ್ತಿ ಗಿರಣಿ ಇತ್ತು. ಗಿರಣಿಯ ರೇಡಿಯೊದಲ್ಲಿ ಅಮೆರಿಕದ ದಕ್ಷಿಣ ಸೀಮೆಯ ರಾಕ್ ಸಂಗೀತ ಬರುತ್ತಿತ್ತಂತೆ. ಅಲ್ಲಿಯೂ ಹತ್ತಿ, ಅಲ್ಲಿಯೂ ಉರಿಬಿಸಿಲು, ಹಾಡುವವರ ಗಂಟಲಲ್ಲಿ ಅದೇ ಧೂಳು. ಇವರು ನಮ್ಮವರೇ ಅಂದುಕೊಂಡು ಗಿರಣಿಯ ನಾಲ್ವರು ಒಂದು ಬ್ಯಾಂಡು ಕಟ್ಟಿದರು. ಎರಡು ಗಿಟಾರು, ಒಂದು ಡ್ರಮ್ಮು, ಹಾಡಲು ಒಬ್ಬ ಹೆಂಗಸು. ಅದೇ ಧಾಟಿಯಲ್ಲಿ ಕನ್ನಡದಲ್ಲಿ ಒಂದಷ್ಟು ಹಾಡು ಕಟ್ಟಿ, ದೂರದ ಪಟ್ಟಣಕ್ಕೆ ಹೋಗಿ ರೆಕಾರ್ಡು ಮಾಡಿಸಿ ಬಂದರು. ಮಾದರಿಗೆ ಒಂದು ತಟ್ಟೆ ಶೆಟ್ಟರ ಅಂಗಡಿಗೆ ಬರುತ್ತದೆ, ಬೋಣಿಯಾಗಿ ಜನ ಮೆಚ್ಚಿದರೆ ಉಳಿದವನ್ನು ಅಚ್ಚು ಹಾಕುತ್ತೇವೆ ಎಂದು ಕಂಪನಿಯವರು ಹೇಳಿದ್ದರು. ತಟ್ಟೆ ಬಂದೇ ಇಲ್ಲ ಎಂದು ಶೆಟ್ಟರು ಹೇಳಿಬಿಟ್ಟರು. ನಾಲ್ವರೂ ಕಾದರು. ಗಿರಣಿ ಮುಚ್ಚಿತು, ಬ್ಯಾಂಡೂ ಮುಚ್ಚಿತು. ಶೆಟ್ಟರೂ ಹೋದರು. ನಾಲ್ವರಲ್ಲಿ ಉಳಿದಿದ್ದವರು ಹಾಡಿದ ಫಿಲೋಮಿನಮ್ಮ ಒಬ್ಬರೇ.

ಫಿಲೋಮಿನಮ್ಮ ಈಗ ಹಾಸಿಗೆ ಹೊಲಿಯುತ್ತಾರೆ. ನಾನು ಹೋದಾಗ ಚರ್ಚಿನ ಹಿಂದಿನ ತಮ್ಮ ಮನೆಯ ಜಗಲಿಯಲ್ಲಿ ಹತ್ತಿ ಬಡಿಯುತ್ತಿದ್ದರು. ತಲೆ, ಹುಬ್ಬು, ರೆಪ್ಪೆ ಎಲ್ಲ ಹತ್ತಿ. ಗಿರಣಿಯ ಯಂತ್ರಗಳ ಸದ್ದಿಗೆ ಅವರ ಎಡಗಿವಿ ಎಂದೋ ಹೋಗಿತ್ತು. ಬಲಗಿವಿಯೂ ದಿನದಿನಕ್ಕೆ ಮುಚ್ಚಿಕೊಳ್ಳುತ್ತಿದೆ, ಮಳೆಗಾಲ ಮುಗಿಯುವ ತನಕ ಉಳಿದರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದರು. ಆ ಬಲಗಿವಿಯ ಹತ್ತಿರ ಬಾಯಿಟ್ಟು, ನಿಮ್ಮ ರೆಕಾರ್ಡು ಸಿಕ್ಕಿದೆ ಎಂದು ಕೂಗಿದೆ. ನನ್ನ ದನಿ ಪ್ರಯೋಜನಕ್ಕೆ ಬಂದ ಕೆಲವೇ ಸಂದರ್ಭಗಳಲ್ಲಿ ಅದೂ ಒಂದು.

ಅವರು ಕೋಲು ಕೆಳಗಿಟ್ಟರು. ಆಮೇಲೆ, “ಚೆನ್ನಾಗೈತಾ?” ಅಂದರು.

“ಯಾರು ಕೇಳಿದಾರೆ? ಯಾರೂ ಕೇಳ್ದೆ ಇರೋದಕ್ಕೇ ಅಲ್ವಾ ಅದು ಗರಡೀಲಿ ಕೂತಿರೋದು.”

“ನಾನೂ ಕೇಳಿಲ್ಲ ಕಣೆ. ಹಾಡ್ಬುಟ್ಟು ಬಂದಿದ್ದಷ್ಟೆ.” ಸೆರಗಿನಿಂದ ಮುಖದ ಹತ್ತಿ ಒರೆಸಿಕೊಂಡರು. “ಎರಡನೇ ಬದೀಲಿ ಒಂದು ಕಡೆ ಎಡವಟ್ಟಾಗೈತೆ. ಗಿಟಾರು ಒಂದ್ಕಡೆ, ಹಾಡು ಒಂದ್ಕಡೆ. ಗಿಟಾರು ನಮ್ಮ ಯಜಮಾನ್ರು ಬೆಂಜಮಿನ್‌ದು, ಅವರು ತಪ್ಪು ನಿಂದು ಅನ್ನೋರು. ನಾನು ನಿಮ್ದು ಅನ್ನೋಳು. ಅವರು ಸಾಯೋ ಹಿಂದಿನ ದಿನಾನೂ ಅದೇ ಜಗಳ ಆಡಿದ್ವಿ. ಕಿವಿ ಹೋಗೋಕೆ ಮುಂಚೆ ಒಂದ್ಸಲ ಕೇಳ್ಬೇಕು ವಿಮಲಾ. ಅವರ ಗಿಟಾರು ಕೇಳ್ಬೇಕು. ಯಾರ ತಪ್ಪು ಅಂತ ನೋಡ್ಬೇಕು.”

ಕೇಳಿಸುತ್ತೇನೆ ಎಂದು ಮಾತು ಕೊಟ್ಟು ಬಂದೆ. ಕೊಟ್ಟ ಮೇಲೆ ಯೋಚನೆ ಶುರುವಾಯಿತು. ಊರಿನ ಪೈಲ್ವಾನರೆಲ್ಲ ಎತ್ತಲಾಗದ ತಟ್ಟೆಯನ್ನು ನನ್ನ ಪ್ಲೇಯರಿನ ಮೇಲೆ ಇಟ್ಟರೆ ಪ್ಲೇಯರು ಪಾತಾಳಕ್ಕೆ ಹೋಗುತ್ತದೆ. ಅದನ್ನು ತಿರುಗಿಸುವ ಮೋಟಾರು ಎಲ್ಲಿದೆ? ಅದಕ್ಕಿಂತ ದೊಡ್ಡ ಕಷ್ಟ ಉಸ್ತಾದರು. ವಿಷಯ ಹೇಳುತ್ತಿದ್ದಂತೆ ಅವರ ಮೀಸೆ ನೆಟ್ಟಗಾಯಿತು.

“ಕೇಳಿದ್ರೆ ಹಗುರ ಆಗೋಯ್ತದೆ. ಹೌದೋ ಇಲ್ವೋ?”

“ಹೌದು.”

“ನಾಳೆ ಚಿಳ್ಳೆಪಿಳ್ಳೆಗಳೆಲ್ಲ ಅದನ್ನ ಎತ್ಕೊಂಡು ಓಡಾಡ್ತವೆ. ಇದನ್ನೇನಾ ಉಸ್ತಾದ್ರು ಎತ್ತಿದ್ದು ಅಂತ ನಗ್ತವೆ. ನನಗೆ ಇರೋದು ಅದೊಂದೇ ಹೆಸರು ಕಣವ್ವ. ಆಗಕ್ಕಿಲ್ಲ, ನಡಿ.”

ನನಗೆ ಸಿಟ್ಟು ನೆತ್ತಿಗೇರಿತು. ಒಬ್ಬ ಮುದುಕಿಯ ಕಿವಿಗಿಂತ ನಿಮ್ಮ ಮೀಸೆ ಹೆಚ್ಚಾಯಿತೇ ಎಂದು ಕೂಗಾಡಿ ಬಂದೆ. ಕೂಗಾಡಿದರೆ ಕೆಲಸ ಆಗುವುದಿಲ್ಲ ಎಂದು ನನ್ನ ಗಂಡ ಮನೆಯಲ್ಲಿ ಹೇಳಿದರು. ಅವರ ಮೇಲೂ ಕೂಗಾಡಿದೆ. ಆದರೂ ಉಸ್ತಾದರ ಮಾತು ನನ್ನನ್ನು ಕುಟುಕುತ್ತಲೇ ಇತ್ತು. ಅವರು ಎತ್ತಿದ್ದು ಸುಳ್ಳಲ್ಲವಲ್ಲ.

ಕೆಲಸ ಮಾಡಿದ್ದು ಫಿಲೋಮಿನಮ್ಮ. ಮಾರನೆಯ ಬೆಳಿಗ್ಗೆ ಗರಡಿಯ ಹೊಸ್ತಿಲಿಗೆ ಬಂದು ನಿಂತರು. ಬೇಡಿಕೊಳ್ಳುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಅವರು ಬೇಡಲಿಲ್ಲ. “ಜವರಪ್ಪ, ಇಷ್ಟು ವರ್ಷ ನನ್ನ ಹಾಡಿಗೆ ದಿನಾ ನೀರು ಹಾಕಿ, ಕುಂಕುಮ ಇಟ್ಟು ಕೈಮುಗಿದಿದ್ದು ನೀನು. ಇಡೀ ಊರು ಬುಟ್ಟಾಕಿದ್ದನ್ನ ಎದೆಗೆ ಎತ್ಕೊಂಡಿದ್ದು ನೀನೊಬ್ಬನೇ. ಅದರಲ್ಲಿ ಏನೈತೆ ಅಂತ ನಿನಗೆ ಒಂದಿನಾನೂ ಅನ್ನಿಸ್ಲಿಲ್ವಾ?” ಅಂದರು.

ಉಸ್ತಾದರು ತಲೆ ಕೆರೆದುಕೊಂಡರು. “ಎತ್ತಿದಾಗ ಎದೆ ಒಳಗೆ ಏನೋ ಗುಂಯ್ ಅಂದಂಗಾಗಿತ್ತಕ್ಕ. ಯಾರ ಹತ್ರಾನೂ ಹೇಳಿಲ್ಲ,” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ಎತ್ತೋದೇನೋ ಯಾರಾದ್ರೂ ಎತ್ತಬಹುದು. ಇಷ್ಟು ಭಾರದ್ದನ್ನ ಒಂದೇ ಸಮನೆ ತಿರುಗಿಸೋಕೆ ಆಯ್ತದಾ? ಅದು ಗಂಡಸುತನ,” ಅಂದರು. ನಾನು ಮೊದಲ ಸಲ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದೆ.

ಮುಚ್ಚಿದ ಗಿರಣಿಯಿಂದ ಒಂದು ದೊಡ್ಡ ಕಬ್ಬಿಣದ ಚಕ್ರ ತಂದೆವು, ಲಾರಿ ಗ್ಯಾರೇಜಿನಿಂದ ಬೇರಿಂಗು. ಪೈಲ್ವಾನರು ಮಟ್ಟಿಯ ನಡುವೆ ಗುಂಡಿ ತೋಡಿ, ಚಕ್ರದ ಮೇಲ್ಮೈ ಮಣ್ಣಿನ ಮಟ್ಟಕ್ಕೆ ಬರುವ ಹಾಗೆ ಹೂತರು. ಎತ್ತುವ ಮಾತೇ ಇಲ್ಲ, ಜಾರಿಸುವುದು. ಗೋಣಿತಾಟು ಬಿಚ್ಚಿ, ತಟ್ಟೆಯನ್ನು ತೊಳೆದು, ಹಲಗೆಗಳಿಗೆ ಹರಳೆಣ್ಣೆ ಹಚ್ಚಿ, ಪೈಲ್ವಾನರೆಲ್ಲ ಹಾರೆ ಕೊಟ್ಟು ಮೀಟಿ ಮೀಟಿ ಚಕ್ರದ ಮೇಲಕ್ಕೆ ತಂದರು. ತಟ್ಟೆಯ ತೂತು ಅಚ್ಚಿನ ಮೊಳೆಗೆ ಕೂತಾಗ ಗರಡಿಯ ಗೋಡೆ ನಡುಗಿತು. ಅಷ್ಟು ವರ್ಷ ಮಣ್ಣಿನಲ್ಲಿದ್ದರೂ ಅದರ ಮೇಲೆ ಒಂದು ಗೀರಿರಲಿಲ್ಲ. ಭಾರವಾದದ್ದಕ್ಕೆ ಗೀರು ಬೀಳುವುದಿಲ್ಲ, ಅದು ನಮ್ಮೂರಿನವರಿಗೆ ಗೊತ್ತಿರುವ ವಿಷಯ. ನಾನು ಪ್ಲೇಯರಿನ ಮುಳ್ಳಿನ ಕೈಯನ್ನು ಬಿಚ್ಚಿ ಹಲಗೆಯೊಂದಕ್ಕೆ ಜೋಡಿಸಿದೆ. ಹಾರ್ನುಗಳನ್ನು ಗರಡಿಯ ಸೂರಿಗೆ ಕಟ್ಟಿ, ಒಂದನ್ನು ಮಟ್ಟಿಯ ಪಕ್ಕ ಫಿಲೋಮಿನಮ್ಮನಿಗಾಗಿ ಇಟ್ಟೆ.

ಹೆಂಗಸರು ಮಟ್ಟಿಗೆ ಬರುವ ಹಾಗಿಲ್ಲವಲ್ಲ ಎಂದು ಹಿರಿಯ ಪೈಲ್ವಾನರೊಬ್ಬರು ಗೊಣಗಿದರು. ಉಸ್ತಾದರು ಅವರನ್ನು ದಿಟ್ಟಿಸಿ ನೋಡಿದರು. “ಹೆಂಗಸಿನ ದನಿ ಇಷ್ಟು ವರ್ಷ ಈ ಮಟ್ಟಿ ಮೇಲೇ ಮಲಗಿತ್ತಲ್ಲಪ್ಪ. ಇನ್ನು ಅವಳು ನಿಂತ್ಕೊಂಡ್ರೆ ಏನಾಯ್ತದೆ?” ಅಂದರು. ಫಿಲೋಮಿನಮ್ಮ ಚಪ್ಪಲಿ ಬಿಟ್ಟು ಮಣ್ಣಿಗೆ ಕಾಲಿಟ್ಟರು. ಅವರ ಹಿಂದೆಯೇ ನಾನೂ.

ಭಾನುವಾರ ಬೆಳಗಾಗುತ್ತಲೇ ಮೈಕಿನಲ್ಲಿ ಸಾರಿದೆ. “ಬೋಣಿಯಾಗದ ಹಾಡಿಗೆ ಇವತ್ತು ಬೋಣಿ. ಯಮನ ದಿಕ್ಕು ಅಂತ ಮನೇಲಿ ಕೂತ್ಕೊಳ್ಳೋರು ಕೂತ್ಕೊಳ್ಳಿ. ಅವರ ಮನೆ ಮದುವೆಗೆ ನಾನು ಮೈಕ್ ಕೊಡೋದಿಲ್ಲ.” ಊರು ಖಾಲಿಯಾಗಿ ಗರಡಿಯ ಮುಂದೆ ನಿಂತಿತು. ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು. ಚಕ್ರದ ಸುತ್ತ ಪೈಲ್ವಾನರು ಮಂಡಿಯೂರಿ ಕೂತರು, ಉಸ್ತಾದರೂ ಅಂಗಿ ಬಿಚ್ಚಿ ಅವರ ನಡುವೆ ಕೂತರು. ವೇಗ ಎಷ್ಟಿರಬೇಕೆಂದು ಗೊತ್ತಿದ್ದದ್ದು ಫಿಲೋಮಿನಮ್ಮನಿಗೆ ಮಾತ್ರ. ಹಾರ್ನಿಗೆ ಬಲಗಿವಿ ಒತ್ತಿ, ಅಂಗೈಯಿಂದ ತೊಡೆಗೆ ತಾಳ ಹಾಕಿದರು. ನಾನು ಮುಳ್ಳು ಇಳಿಸಿದೆ.

ಪೈಲ್ವಾನರು ಉಸಿರು ಕಟ್ಟಿ ತಳ್ಳಿದರು. ಚಕ್ರ ಒಂದು ಗೇಣು ಸರಿಯಿತು. ಹಾರ್ನಿನಿಂದ ಎಮ್ಮೆ ನರಳಿದಂಥ ಒಂದು ಸದ್ದು ಬಂತು. ಹೊರಗೆ ಯಾರೋ ನಕ್ಕರು. “ನಗಬೇಡಿ, ಕೇಳಿ,” ಎಂದು ಮೈಕಿನಲ್ಲಿ ಗದರಿದೆ. ಜನ ಸುಮ್ಮನಾದರು. ಎಮ್ಮೆ ಇನ್ನೊಮ್ಮೆ ನರಳಿತು. ಊರಿಗೆ ಊರೇ ಆ ನರಳಾಟವನ್ನು ಮನಸ್ಸಿಟ್ಟು ಕೇಳಿತು. ಕೇಳುತ್ತಿದ್ದಂತೆ ಚಕ್ರ ಒಂದಿಷ್ಟು ಸಡಿಲವಾಯಿತು. ಉಸ್ತಾದರು ಹಲ್ಲು ಕಚ್ಚಿ, “ಬತ್ತಾ ಐತೆ, ಬಿಡಬೇಡ್ರೋ,” ಅಂದರು. ಅರ್ಧ ಸುತ್ತು. ಒಂದು ಸುತ್ತು. ನರಳಾಟದೊಳಗಿನಿಂದ ಡ್ರಮ್ಮಿನ ಪೆಟ್ಟು ಬೇರೆಯಾಗಿ ಕೇಳಿಸತೊಡಗಿತು. ಆಮೇಲೆ ಎರಡು ಗಿಟಾರು, ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತಿದ್ದವು. ಚಕ್ರ ಫಿಲೋಮಿನಮ್ಮನ ಅಂಗೈಯ ತಾಳಕ್ಕೆ ಬಂದು ಸೇರುತ್ತಿದ್ದಂತೆ ಗಂಡಸಿನ ಗಂಟಲಂತಿದ್ದ ದನಿ ಮೇಲೇರಿ ಮೇಲೇರಿ ಒಂದು ಹುಡುಗಿಯ ದನಿಯಾಯಿತು. ಒರಟಾದ, ಬಿಸಿಲಿನಲ್ಲಿ ಒಣಗಿದ, ಯಾರಿಗೂ ಹೆದರದ ದನಿ.

ಹೇಗಿತ್ತು ಎಂದು ಕೇಳಿದರೆ ಏನು ಹೇಳಲಿ. ಹಾಡಿನ ಜೊತೆ ಬದುಕಿದವಳು ನಾನು, ಅಂಥದ್ದನ್ನು ಕೇಳಿರಲಿಲ್ಲ. ಹತ್ತಿ ಬಿಡಿಸುವ ಹೆಂಗಸರ ಪದದ ಎಳೆತ, ಅದರ ಕೆಳಗೆ ಗಿರಣಿಯ ಯಂತ್ರದ ಹಾಗೆ ಬಿಡದೆ ಓಡುವ ತಾಳ, ಎರಡರ ನಡುವೆ ಗಿಟಾರಿನ ಕಿರುಚಾಟ. ಯಮನ ದಿಕ್ಕಿನ ಬಾಗಿಲಿನಿಂದಲೇ ನಮ್ಮ ಮನೆಗೆ ಗಾಳಿ ಬರುವುದು ಎಂದು ಹಾಡು ಹೇಳುತ್ತಿತ್ತು. ಹೊರಗೆ ಜನ ಕಾಲು ಕುಣಿಸುತ್ತಿದ್ದರು. ಶೆಟ್ಟರ ಮೊಮ್ಮಗ ಎಲ್ಲರಿಗಿಂತ ಮುಂದೆ ನಿಂತು ಕುಣಿಯುತ್ತಿದ್ದ. ನನಗೆ ಅಳು ಬಂತು. ಇಂಥದ್ದನ್ನು ಇಷ್ಟು ಕಾಲ ಮಣ್ಣಿನಲ್ಲಿಟ್ಟು ಕೈಮುಗಿದೆವಲ್ಲ ಎಂದು ಹೊಟ್ಟೆ ಉರಿಯಿತು, ಕೊನೆಗೂ ಸಿಕ್ಕಿತಲ್ಲ ಎಂದು ಹಿಗ್ಗಾಯಿತು.

ಮೊದಲ ಬದಿ ಮುಗಿಯಿತು. ತಟ್ಟೆಯನ್ನು ಮಗುಚಬೇಕು. ಕೇಳಿದ್ದು ಒಂದು ಬದಿ ಮಾತ್ರ, ಇನ್ನೊಂದು ಬದಿಯ ಭಾರ ಹಾಗೆಯೇ ಇತ್ತು. ಹುರಿಯಾಳುಗಳು ಕೈ ಹಾಕಿ ನೋಡಿ ಹಿಂದೆ ಸರಿದರು. ಉಸ್ತಾದರು ಮೆಲ್ಲಗೆ ಎದ್ದರು. ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು, ಬಗ್ಗಿ, ತಟ್ಟೆಯ ಎರಡು ಅಂಚು ಹಿಡಿದರು. ನನಗೆ ಭಯವಾಯಿತು, ವಯಸ್ಸಾದ ಜೀವ. ಅವರ ಕತ್ತಿನ ನರ ಉಬ್ಬಿತು, ತೊಡೆ ನಡುಗಿತು. ತಟ್ಟೆ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂತು. ಕಪ್ಪು ಮೀಸೆಯ ಕಾಲದಲ್ಲಿ ಎತ್ತಿದ್ದನ್ನು ಬಿಳಿ ಮೀಸೆಯಲ್ಲಿ ಇನ್ನೊಮ್ಮೆ ಎತ್ತಿ, ಊರಿನ ಕಣ್ಣೆದುರಿಗೆ ಮಗುಚಿ, ಚಕ್ರದ ಮೇಲೆ ಇಳಿಸಿದರು. ಶಿಳ್ಳೆಗಳಿಗೆ ಹೆಂಚುಗಳು ಹಾರಿಹೋಗುತ್ತವೆ ಅನ್ನಿಸಿತು. ಅವರು ಯಾರ ಕಡೆಯೂ ನೋಡದೆ, “ಗುಂಯ್ ಅಂತು ಕಣಕ್ಕ, ಅದೇ ಥರ,” ಎಂದು ಫಿಲೋಮಿನಮ್ಮನಿಗೆ ಮಾತ್ರ ಹೇಳಿದರು.

ಎರಡನೆಯ ಬದಿ ಬೇಗ ಸಡಿಲವಾಯಿತು, ಜನಕ್ಕೆ ಕೇಳುವ ರುಚಿ ಹತ್ತಿತ್ತು. ಆ ಬದಿಯ ಮೂರನೆಯ ಹಾಡಿನ ನಡುವೆ ಬೆಂಜಮಿನ್ನರ ಗಿಟಾರು ಒಂಟಿಯಾಗಿ ಹೊರಟಿತು. ಫಿಲೋಮಿನಮ್ಮ ಕಣ್ಣು ಮುಚ್ಚಿ, ಹಾರ್ನನ್ನು ಎರಡು ಕೈಯಲ್ಲೂ ತಬ್ಬಿಕೊಂಡರು. ಗಿಟಾರು ಒಂದು ತಿರುವು ತೆಗೆದುಕೊಂಡು ಇನ್ನೇನು ದಡ ಸೇರಬೇಕು, ಅಷ್ಟರಲ್ಲಿ ಹುಡುಗಿಯ ದನಿ ಅವಸರದಲ್ಲಿ ನುಗ್ಗಿಬಿಟ್ಟಿತು. ಗಿಟಾರು ತಡವರಿಸಿ, ಒಂದು ಹೆಜ್ಜೆ ಹಿಂದೆ ಸರಿದು, ಅವಳಿಗೆ ದಾರಿ ಬಿಟ್ಟು ಜೊತೆಯಾಯಿತು.

“ನಂದೇ,” ಎಂದರು ಫಿಲೋಮಿನಮ್ಮ. ಅವರ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಬಾಯಿ ನಗುತ್ತಿತ್ತು. “ತಪ್ಪು ನಂದೇ ಕಣೆ ವಿಮಲಾ. ಅವರು ಸಂಭಾಳಿಸವ್ರೆ. ಸೋತೆ ನಾನು.” ಸೋತೆ ಎಂದು ಅಷ್ಟು ಸಂತೋಷದಿಂದ ಹೇಳಿದವರನ್ನು ನಾನು ಬೇರೆ ನೋಡಿಲ್ಲ.

ಹಾಡು ಮುಗಿದಾಗ ಮೊದಲ ಮಳೆಹನಿ ಹೆಂಚಿನ ಮೇಲೆ ಬಿತ್ತು. ಯಾರೂ ಕದಲಲಿಲ್ಲ. “ಇನ್ನೊಂದ್ಸಲ ಹಾಕು,” ಎಂದರು ಫಿಲೋಮಿನಮ್ಮ. ಹಾಕಿದೆ. ಆಮೇಲೆ ಜನ ಕೇಳಿದರು, ಇನ್ನೊಂದು ಸಲ ಹಾಕಿದೆ. ಈಗ ಒಬ್ಬ ಪೈಲ್ವಾನ ಒಂದೇ ಕೈಯಲ್ಲಿ ಚಕ್ರ ತಿರುಗಿಸುತ್ತಿದ್ದ. ಹಾಗೆ ತಿರುಗುತ್ತಿರುವಾಗಲೇ ತಟ್ಟೆ ಅಂಚಿನಲ್ಲಿ ಪಟಪಟ ಅಂದಿತು. ಅಷ್ಟು ಜನ ಅಷ್ಟು ಮನಸ್ಸಿಟ್ಟು ಕೇಳಿದ್ದರಿಂದ ಅದಕ್ಕೆ ಕಾಗದದಷ್ಟೂ ತೂಕ ಉಳಿದಿರಲಿಲ್ಲ. ಮಳೆಗಾಳಿ ಬಾಗಿಲಿನಿಂದ ಒಳಗೆ ಬೀಸಿದ್ದೇ ತಡ, ಅಚ್ಚಿನ ಮೊಳೆಯಿಂದ ಮೇಲಕ್ಕೆ ಏಳತೊಡಗಿತು.

ಉಸ್ತಾದರು ಮುಂದೆ ಬಾಗಿ, ತಟ್ಟೆಯ ನಡುವಿನ ಚೀಟಿಯ ಮೇಲೆ ತಮ್ಮ ತೋರುಬೆರಳಿಟ್ಟು ಮೆತ್ತಗೆ ಒತ್ತಿ ಹಿಡಿದರು. ಬೆರಳಿನ ಕೆಳಗೆ ತಟ್ಟೆ ತಿರುಗುತ್ತಲೇ ಇತ್ತು. ಹಾಡು ಒಂದಿಷ್ಟೂ ತಪ್ಪಲಿಲ್ಲ. ಫಿಲೋಮಿನಮ್ಮ ಹಾರ್ನಿನಿಂದ ಕಿವಿ ತೆಗೆದು ನೆಟ್ಟಗೆ ನಿಂತು, ರೆಕಾರ್ಡಿನ ಹುಡುಗಿಯ ಜೊತೆ ತಾವೂ ಹಾಡತೊಡಗಿದರು. ನಾನು ಮೈಕನ್ನು ತೆಗೆದು ಅವರ ಬಾಯಿಯ ಹತ್ತಿರ ಹಿಡಿದೆ. ಗಿಟಾರಿನ ತಿರುವು ಬಂದಾಗ ರೆಕಾರ್ಡಿನ ಹುಡುಗಿ ಮತ್ತೆ ನುಗ್ಗಿದಳು, ಅವರು ಮಾತ್ರ ಈ ಸಲ ಅವಸರ ಮಾಡಲಿಲ್ಲ. ಗಂಡನಿಗೆ ಬಾರಿಸಲು ಬಿಟ್ಟು, ಕಾದು, ಅದು ದಡ ಸೇರಿದ ಮೇಲೆ ಸರಿಯಾದ ಜಾಗದಲ್ಲಿ ಶುರು ಮಾಡಿದರು.